ಕೆಂಪು ಗೀಟಿನ ಭಾನುವಾರಗಳು

ಶಾಲೆಯ ಸ್ಮರಣ ಸಂಚಿಕೆಗೆಂದು ನಾನು ಬರೆದುಕೊಟ್ಟಿದ್ದ ಲೇಖನ ಹೋದ ತಿಂಗಳು ವಾಪಸ್ಸು ಬಂತು. ಎರಡು ಪುಟಗಳಿಗೆ ಅಡ್ಡಡ್ಡ ಗೀಟು ಎಳೆದು, ಬದಿಯಲ್ಲಿ ‘ಈ ಭಾಗ ಬೇಡ ಟೀಚರ್, ಬದಲಿಗೆ ವಾರ್ಷಿಕೋತ್ಸವದ ಸಿಹಿ ನೆನಪುಗಳನ್ನು ಸೇರಿಸಿ ಕೊಡಿ’ ಎಂದು ಸಮಿತಿಯವರು ಬರೆದಿದ್ದರು. ಬರೆದವನು ನನ್ನ ಹಳೆಯ ವಿದ್ಯಾರ್ಥಿ. ಅಕ್ಷರ ದುಂಡಗೆ, ಸಾಲು ನೆಟ್ಟಗೆ ಇತ್ತು. ನಾನೇ ಕೂರಿಸಿ ತಿದ್ದಿಸಿದ ಅಕ್ಷರ ಅದು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಸುಮ್ಮನಾದೆ. ಮಕ್ಕಳು ಬರೆದದ್ದಕ್ಕೆ ನಾನು ಮೂವತ್ತನಾಲ್ಕು ವರ್ಷ ಮಾಡಿದ್ದೂ ಅದನ್ನೇ. ನೋವಿದ್ದ ಕಡೆ ಗೀಟು ಎಳೆದೆ, ಸಿಹಿ ಇದ್ದದ್ದನ್ನು ದುಂಡಗೆ ಬರೆಸಿದೆ. ಗೀಟು ಬಿದ್ದ ಆ ಎರಡು ಪುಟಗಳಲ್ಲಿ ಇದ್ದದ್ದನ್ನೇ ಈಗ ಬಿಡಿಸಿ ಬರೆಯುತ್ತಿದ್ದೇನೆ. ಹಾಸ್ಟೆಲ್ಲಿಗೆ ಹೊಸದಾಗಿ ವಾರ್ಡನ್ ಆಗಿ ಸೇರುವ ಹೆಣ್ಣುಮಕ್ಕಳು ಓದಲಿ ಎಂಬ ಆಸೆ. ಓದಿದರೆ ಏನಾದರೂ ಬದಲಾದೀತು ಎಂಬ ನಂಬಿಕೆ ನನಗೆ ಅಷ್ಟಾಗಿ ಇಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ಅಜ್ಜ ಮೇಷ್ಟ್ರು, ಅಪ್ಪ ಮೇಷ್ಟ್ರು. ನನಗೂ ಬೇರೆ ಕೆಲಸ ಯಾರೂ ಯೋಚಿಸಲಿಲ್ಲ. ಸಾಗರದ ಹೊರಗಿನ ಈ ಖಾಸಗಿ ಶಾಲೆಗೆ ಕನ್ನಡ ಟೀಚರಾಗಿ ಬಂದೆ. ಬಂದ ವಾರಕ್ಕೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಬೀಗದ ಕೈ ಗೊಂಚಲನ್ನೂ ಕೈಗಿಟ್ಟರು. ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಹಾಗಾಗಿ ಹಾಸ್ಟೆಲ್ಲಿನ ಮೂಲೆಯ ಕೋಣೆಯೇ ನಿವೃತ್ತಿಯವರೆಗೆ ನನ್ನ ಮನೆಯಾಯಿತು. ಶಾಲೆ ಆಗಲೇ ಹಳೆಯದು. ಒಂದೇ ಮನೆಯ ಮೂರು ತಲೆಮಾರು ಓದಿದ ಬೆಂಚುಗಳು ಅಲ್ಲಿದ್ದವು. ಪೇಟೆಯ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಹೊಸನಗರದ ಆಚೆಯ ಹಳ್ಳಿಗಳು, ಹಿನ್ನೀರಿನ ಆ ಕಡೆಯ ಊರುಗಳು, ನಿಟ್ಟೂರಿನ ಕಾಡಂಚು, ಇಲ್ಲಿಂದೆಲ್ಲ ಬಂದ ಮಕ್ಕಳು ನಮ್ಮಲ್ಲಿ ಉಳಿಯುತ್ತಿದ್ದರು.

ನಮ್ಮಲ್ಲೊಂದು ಪದ್ಧತಿಯಿತ್ತು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಊಟದ ಹಾಲಿನಲ್ಲೇ ಎಲ್ಲರೂ ಮನೆಗೆ ಪತ್ರ ಬರೆಯಬೇಕು. ಮೊದಲು ರಫ್ ಪುಸ್ತಕದಲ್ಲಿ ಬರೆದು ವಾರ್ಡನ್‌ಗೆ ತೋರಿಸಬೇಕು. ವಾರ್ಡನ್ ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟದ್ದನ್ನು ಇನ್‌ಲ್ಯಾಂಡ್ ಪತ್ರಕ್ಕೆ ಚೆಂದವಾಗಿ ಇಳಿಸಬೇಕು. ತೀರ್ಥರೂಪು ತಂದೆಯವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ. ಇದು ಬೋರ್ಡಿನ ಮೇಲೆ ಸದಾ ಇರುತ್ತಿತ್ತು, ವರ್ಷಾನುಗಟ್ಟಲೆ ಯಾರೂ ಒರೆಸಿರಲಿಲ್ಲ. ತಿದ್ದುವುದೆಂದರೆ ಕಾಗುಣಿತ ತಿದ್ದುವುದು ಎಂದೇ ಮೊದಲು ತಿಳಿದುಕೊಂಡಿದ್ದೆ.

ಮೊದಲ ವರ್ಷವೇ ಎಡವಿದೆ. ಹಿನ್ನೀರಿನಾಚೆಯ ಐದನೇ ಕ್ಲಾಸಿನ ಹುಡುಗಿಯೊಬ್ಬಳು ‘ನನಗೆ ಜ್ವರ ಬಂದಿದೆ, ಇಲ್ಲಿ ನೋಡುವವರು ಯಾರೂ ಇಲ್ಲ’ ಎಂದು ಬರೆದಳು. ಜ್ವರ ಇದ್ದದ್ದು ನಿಜ, ನೋಡುವವಳು ನಾನು ಪಕ್ಕದಲ್ಲೇ ಇದ್ದೆ. ಆದರೂ ಮಗು ಬರೆದದ್ದು ಹೋಗಲಿ ಎಂದು ಬಿಟ್ಟುಬಿಟ್ಟೆ. ಐದನೇ ದಿನ ಅಪ್ಪ, ಅಮ್ಮ ಇಬ್ಬರೂ ಲಾಂಚಿನಲ್ಲಿ ಹಿನ್ನೀರು ದಾಟಿ, ಸಿಕ್ಕಿದ ಲಾರಿ ಹತ್ತಿ, ಮೊಣಕಾಲುದ್ದ ಕೆಸರು ಮಾಡಿಕೊಂಡು ಬಂದು ಗೇಟಿನಲ್ಲಿ ನಿಂತರು. ಹುಡುಗಿ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ತಾಯಿ ಮೆಟ್ಟಿಲ ಮೇಲೆ ಕೂತು ಅತ್ತದ್ದು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಮ್ಮ ಹೆಡ್ ಮಾಸ್ಟರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ಬೈಯುವವರಲ್ಲ. ಅಂದು ಸಂಜೆ ನನ್ನನ್ನು ಕರೆದು ಕೂರಿಸಿ ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ. “ಮಗುವಿನ ಅಳು ಎರಡು ದಿನದ್ದು ಕಣಮ್ಮಾ, ಟಪಾಲು ನಾಲ್ಕು ದಿನದ್ದು. ಮಗು ಅಳು ಮರೆತ ಮೇಲೆ ಅಲ್ಲಿ ಅಪ್ಪ ಅಮ್ಮ ಅಳೋಕೆ ಶುರು ಮಾಡ್ತಾರೆ. ಪತ್ರ ಮುಟ್ಟೋ ದಿನವೂ ಯಾವುದು ನಿಜವಾಗಿರುತ್ತೋ ಅಷ್ಟನ್ನ ಮಾತ್ರ ಬರೆಸು.”

ಎಷ್ಟು ಸರಿಯಾದ ಮಾತು! ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲು ನನಗೆ ಕಷ್ಟ. ಆ ಪದ್ಧತಿ ಕ್ರೂರಿಗಳು ಮಾಡಿದ್ದಲ್ಲ, ಕರುಣೆ ಇದ್ದವರೇ ಮಾಡಿದ್ದು. ಹೊಸಬರು ಇದನ್ನು ಚೆನ್ನಾಗಿ ನೆನಪಿಡಬೇಕು. ಈ ಕೆಲಸದಲ್ಲಿ ನೀವು ಮಾಡುವ ದೊಡ್ಡ ತಪ್ಪುಗಳೆಲ್ಲ ಮಗುವಿನ ಒಳ್ಳೆಯದಕ್ಕೆ ಎಂದುಕೊಂಡೇ ಮಾಡುವಂಥವು.

ಅಂದಿನಿಂದ ಕೆಂಪು ಪೆನ್ನು ಗಟ್ಟಿಯಾಗಿ ಹಿಡಿದೆ. ಹೊಟ್ಟೆನೋವು, ಅನ್ನದಲ್ಲಿ ಕಲ್ಲು, ಪಕ್ಕದವಳು ಬಾಚಣಿಗೆ ಕದ್ದದ್ದು, ಮನೆ ನೆನಪಾಗಿ ಅತ್ತದ್ದು, ಎಲ್ಲಕ್ಕೂ ಗೀಟು. ಕಾಯಿಲೆಯನ್ನು ವಾಸಿಯಾದ ಮೇಲೆ ಬರೆಯಬಹುದು ಎಂದು ನಾನೇ ಒಂದು ಉಪನಿಯಮ ಸೇರಿಸಿದೆ. ಮಕ್ಕಳೇನು ಕಡಿಮೆಯೇ? ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುತ್ತಿದ್ದರು. ಅಕ್ಕತಂಗಿಯರಿಬ್ಬರು ಪತ್ರದ ಕೊನೆಗೆ ‘ಕೆಂಪಿ ಕರು ಹಾಕಿತೇ?’ ಎಂದು ಕೇಳುತ್ತಿದ್ದರು. ಹಸುವಿನ ಮೇಲೆ ಎಷ್ಟು ಪ್ರೀತಿ ಎಂದು ನಾನು ಮೆಚ್ಚಿದ್ದೂ ಉಂಟು. ಹಾಗೆ ಬರೆದ ಮುಂದಿನ ವಾರ ತಪ್ಪದೆ ಅವರ ತಾಯಿ ಹಾಜರಾಗುತ್ತಿದ್ದಳು. ಮೂರನೇ ಸಲ ನನಗೆ ಹೊಳೆಯಿತು. ಇಬ್ಬರನ್ನೂ ಕರೆದು, ನಿಮ್ಮ ಮನೆ ಕೆಂಪಿ ವರ್ಷಕ್ಕೆ ಮೂರು ಸಲ ಕರು ಹಾಕುತ್ತದೆಯೇ ಎಂದು ಕೇಳಿದೆ. ತಂಗಿ ನಕ್ಕುಬಿಟ್ಟಳು, ಅಕ್ಕ ಅತ್ತಳು. ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿ ನಗಿಸಿದ್ದೇನೋ. ಹೆತ್ತ ತಾಯಿಯ ಹತ್ತಿರ ಮಾತಾಡಲು ಮಕ್ಕಳು ಹಸುವಿನ ಹೆಸರಿನಲ್ಲಿ ಮಾತಾಡಬೇಕಾಯಿತಲ್ಲ ಎಂದು ಒಂದು ದಿನವೂ ಅನ್ನಿಸಲಿಲ್ಲ.

ಇನ್ನೊಂದು ಕಳ್ಳದಾರಿ ಪೇಟೆಯ ಮಕ್ಕಳದ್ದು. ಹಾಸ್ಟೆಲ್ ಹುಡುಗಿಯರು ಪೋಸ್ಟ್ ಕಾರ್ಡಿನಲ್ಲಿ ಎರಡು ಸಾಲು ಗೀಚಿ, ಮನೆಗೆ ಹೋಗುವ ಗೆಳತಿಯ ಕಂಪಾಸ್ ಬಾಕ್ಸಿನಲ್ಲಿ ಇಟ್ಟು, ಪೇಟೆಯ ಟಪಾಲು ಡಬ್ಬಿಗೆ ಹಾಕಿಸುತ್ತಿದ್ದರು. ಅದು ಗೊತ್ತಾದ ಮೇಲೆ ಸಂಜೆ ಗೇಟಿನಲ್ಲಿ ನಿಂತು ಕಂಪಾಸ್ ಬಾಕ್ಸುಗಳನ್ನು ತೆಗೆಸಿ ನೋಡುತ್ತಿದ್ದೆ. ಎಂಥಾ ಕಣ್ಣು ನಿಮ್ಮದು ಟೀಚರ್ ಎಂದು ಜವಾನ ಹೊಗಳುತ್ತಿದ್ದ. ನಾನೂ ಹಿಗ್ಗುತ್ತಿದ್ದೆ.

ಈಗ ಲಲಿತೆಯ ವಿಷಯಕ್ಕೆ ಬರುತ್ತೇನೆ. ಸುತ್ತುಬಳಸಿ ಇಷ್ಟು ಬರೆದದ್ದು ಇಲ್ಲಿಗೆ ಬರಲು ಹೆದರಿಕೆಯಾಗಿ.

ಲಲಿತಾ ಏಳನೇ ಕ್ಲಾಸು, ನಿಟ್ಟೂರಿನ ಹತ್ತಿರದವಳು. ಅವಳ ಅಜ್ಜ ಗೇಣಿಗೆ ಗದ್ದೆ ಮಾಡಿದವರು. ಅಪ್ಪ ಚೌಡಪ್ಪನವರ ಕಾಲಕ್ಕೆ ಗದ್ದೆ ಸ್ವಂತದ್ದಾಗಿತ್ತು. ಆ ಮನೆಯಿಂದ ಊರು ಬಿಟ್ಟು ಓದಲು ಬಂದ ಮೊದಲ ಹೆಣ್ಣುಮಗಳು ಇವಳು. ಚೌಡಪ್ಪನವರು ನನಗಿಂತ ಹತ್ತು ವರ್ಷವಾದರೂ ಹಿರಿಯರು. ನನ್ನನ್ನು ಅಮ್ಮಾ ಎನ್ನುತ್ತಿದ್ದರು, ನಾನು ಅವರನ್ನು ಚೌಡಪ್ಪ, ಬಾ, ಕೂತ್ಕೋ ಎನ್ನುತ್ತಿದ್ದೆ. ಆಗ ಅದು ಇಬ್ಬರಿಗೂ ಸಹಜವಾಗಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಮಗಳನ್ನು ಬಿಟ್ಟು ಹೋಗುವ ದಿನ ಅವರು ಅವಳಿಗೆ ಹೇಳಿದ್ದು ಒಂದೇ ಬುದ್ಧಿ, ಟೀಚರಮ್ಮ ಹೇಳಿದ್ದೇ ಮಾತು ಎಂದು.

ಡಿಸೆಂಬರ್ ಚಳಿಯಲ್ಲಿ ಲಲಿತೆಗೆ ಎಡಗಿವಿ ನೋವು ಬಂತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟೆ, ನಮ್ಮ ಮನೆಗಳಲ್ಲೆಲ್ಲ ಮಾಡುವುದು ಅದೇ. ಆ ಭಾನುವಾರ ಅವಳು ‘ಕಿವಿ ನೋಯುತ್ತಿದೆ’ ಎಂದು ಬರೆದಳು. ಗೀಟು ಎಳೆದೆ. ವಾರಕ್ಕೊಮ್ಮೆ ಶಾಲೆಗೆ ಬರುವ ಡಾಕ್ಟರು ನೋಡಿ ಔಷಧಿ ಹನಿ ಕೊಟ್ಟರು. ಎರಡು ದಿನದಲ್ಲಿ ಇಳಿಯದಿದ್ದರೆ ಶಿವಮೊಗ್ಗಕ್ಕೆ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೂ ಹೇಳಿದರು. ಅದು ವಾರ್ಷಿಕೋತ್ಸವದ ಮುಂಚಿನ ದಿನಗಳು. ನಾಟಕದ ತಾಲೀಮು ನನ್ನದು, ಹೆಗ್ಗೋಡಿನಿಂದ ವೇಷಭೂಷಣ ಹೊಂದಿಸುವುದು ನನ್ನದು. ಉತ್ಸವ ಮುಗಿಯಲಿ, ಹೋದರಾಯಿತು ಎಂದುಕೊಂಡೆ.

ಎರಡನೇ ಭಾನುವಾರ ಅವಳು ‘ಕಿವಿ ಸೋರುತ್ತಿದೆ, ಅಪ್ಪ ಬರಲಿ’ ಎಂದು ಬರೆದಳು. ಅದಕ್ಕೂ ಗೀಟು ಎಳೆದು ‘ನಾನು ಕ್ಷೇಮ’ ಎಂದು ಮೇಲೆ ಬರೆದುಕೊಟ್ಟೆ. ಅವಳು ತಲೆ ತಗ್ಗಿಸಿ ಹಾಗೆಯೇ ಇಳಿಸಿಕೊಂಡಳು. ಮಂಗಳವಾರ ಸಂಜೆ ಗೇಟಿನಲ್ಲಿ ಪೇಟೆಯ ಹುಡುಗಿಯೊಬ್ಬಳ ಕಂಪಾಸ್ ಬಾಕ್ಸಿನಲ್ಲಿ ಒಂದು ಕಾರ್ಡು ಸಿಕ್ಕಿತು. ‘ಅಪ್ಪಾ, ಕಿವಿ ಸೋರುತ್ತಿದೆ. ಎಡಗಡೆ ಕೇಳುವುದಿಲ್ಲ. ಬೇಗ ಬಾ. ಲಲಿತಾ.’ ಅಷ್ಟೇ. ಕೇಳುವುದಿಲ್ಲ ಎಂಬ ಮಾತು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಪ್ಪ ಬೇಗ ಬರಲೆಂದು ಸೇರಿಸಿದ್ದಾಳೆ ಎಂದುಕೊಂಡೆ. ಊಟದ ಹಾಲಿನಲ್ಲಿ ಎಲ್ಲರೆದುರು ನಿಲ್ಲಿಸಿ, ಕದ್ದು ಪತ್ರ ಕಳಿಸುವವಳು ನಾಳೆ ಏನನ್ನು ಬೇಕಾದರೂ ಕದ್ದಾಳು ಎಂದು ಬೈದೆ. ಅವಳು ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ನಿಂತಿದ್ದಳು. ಅದನ್ನು ಧಿಮಾಕು ಎಂದುಕೊಂಡು ಇನ್ನೂ ನಾಲ್ಕು ಬೈದೆ.

ಮೂರನೇ ಭಾನುವಾರ ಅವಳ ರಫ್ ಪುಸ್ತಕದಲ್ಲಿ ತಿದ್ದಲು ಏನೂ ಇರಲಿಲ್ಲ. ಬೋರ್ಡಿನ ಮೇಲಿದ್ದದ್ದೇ ಇತ್ತು, ನಾನು ಇಲ್ಲಿ ಕ್ಷೇಮ. ಕೆಳಗೆ ಕೆಂಪಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದು ಸಹಿ ಮಾಡಿದೆ. ನನ್ನ ಕೆಲಸದಲ್ಲಿ ನಾನು ಮಾಡಿದ ಎಲ್ಲ ಸಹಿಗಳ ಪೈಕಿ ಒಂದನ್ನು ಅಳಿಸಬಹುದು ಎಂದು ದೇವರು ವರ ಕೊಟ್ಟರೆ ಅದನ್ನೇ ಕೇಳುತ್ತೇನೆ.

ಆ ವಾರ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರು ಎಡಗಡೆಯಿಂದ ಕರೆದಾಗ ಅವಳು ತಿರುಗಲಿಲ್ಲವಂತೆ. ಮೂರು ಸಲ ಕರೆದು, ಉದ್ಧಟತನಕ್ಕೆಂದು ಬೆಂಚಿನ ಮೇಲೆ ನಿಲ್ಲಿಸಿದರು. ನಿಂತಲ್ಲೇ ತಲೆ ಸುತ್ತಿ ಬಿದ್ದಳು. ಎತ್ತಿಕೊಂಡು ಬಂದಾಗ ಮೈ ಕೆಂಡವಾಗಿತ್ತು, ಕಿವಿಯ ಹಿಂದೆ ಬಾವು. ಶಿವಮೊಗ್ಗದಲ್ಲಿ ಕೀವು ಕಿವಿಯ ಹಿಂದಿನ ಎಲುಬಿಗೆ ಇಳಿದಿದೆ ಎಂದು ಹೇಳಿ ಅಂದೇ ಆಪರೇಷನ್ ಮಾಡಿದರು. ಜೀವ ಉಳಿಯಿತು, ಆ ಕಿವಿ ಹೋಯಿತು. ಹತ್ತು ದಿನ ಮೊದಲು ತಂದಿದ್ದರೆ ಎಂದು ಆ ಡಾಕ್ಟರು ಶುರು ಮಾಡಿದ ಮಾತನ್ನು ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಲಲಿತೆಯ ಪೆಟ್ಟಿಗೆ ತೆಗೆದುಕೊಂಡು ಹೋಗಲು ಚೌಡಪ್ಪನವರು ಮಗಳೊಂದಿಗೆ ಶಾಲೆಗೆ ಬಂದರು. ದೊಡ್ಡ ಮೇಷ್ಟ್ರ ಕೋಣೆಯಲ್ಲಿ ನಾವು ನಾಲ್ವರೇ. ಅವರು ಜಗಳಕ್ಕೆ ಬಂದಿರಲಿಲ್ಲ. ನನಗೆ ಕೈ ಮುಗಿದು, ನೀವಿರದಿದ್ದರೆ ನನ್ನ ಮಗಳು ಉಳಿಯುತ್ತಿರಲಿಲ್ಲ ಎಂದರು. ಆಮೇಲೆ ಅಂಗಿಯ ಜೇಬಿನಿಂದ ಮೂರು ಇನ್‌ಲ್ಯಾಂಡ್ ಪತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟು ಮಗಳ ಕಡೆ ತಿರುಗಿದರು.

“ಮೂರ್ ವಾರನೂ ಕ್ಷೇಮ ಅಂತನೇ ಬರ್ದಿದೀಯಲ್ಲೇ. ಒಂದ್ ಮಾತು ಬರೀಬಾರ್ದಿತ್ತಾ?”

ಲಲಿತೆಯ ತಲೆಗೆ ಬಿಳಿ ಪಟ್ಟಿ ಕಟ್ಟಿತ್ತು. ಅಪ್ಪನನ್ನು ನೋಡದೆ ನನ್ನನ್ನು ನೋಡಿದಳು. ದೂರುವ ನೋಟವಲ್ಲ ಅದು. ಹೇಳಲೋ ಬೇಡವೋ ಎಂದು ನನ್ನ ಅಪ್ಪಣೆ ಕೇಳುವ ನೋಟ. ಅಷ್ಟು ಚೆನ್ನಾಗಿ ತಿದ್ದಿದ್ದೆ ನಾನು. ಆ ಹೊತ್ತಿಗೆ ನಾನು ಬಾಯಿ ಬಿಡಬೇಕಿತ್ತು. ಗೋಡೆಯ ಮೇಲಿನ ಸ್ಥಾಪಕರ ಫೋಟೊ ನೋಡುತ್ತ ನಿಂತೆ. ಮಕ್ಕಳು ಹಾಗೇ ಚೌಡಪ್ಪ, ಹೇಳುವುದಿಲ್ಲ ಎಂದು ದೊಡ್ಡ ಮೇಷ್ಟ್ರು ಮಾತು ಮುಗಿಸಿದರು. ಅವರಿಗೂ ಎಲ್ಲ ಗೊತ್ತಿತ್ತು. ಅಪ್ಪ ಮಗಳು ಗೇಟು ದಾಟಿ ಬಸ್ಸಿಗೆ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ಅಪ್ಪ ಏನೋ ಹೇಳುತ್ತಿದ್ದಂತೆ, ಕೇಳುವ ಕಿವಿ ಅವರ ಕಡೆಗಿರಲೆಂದು ಮಗಳು ಸುತ್ತಿಕೊಂಡು ಇನ್ನೊಂದು ಪಕ್ಕಕ್ಕೆ ಹೋದಳು, ಎಡಕ್ಕೋ ಬಲಕ್ಕೋ ಈಗ ನೆನಪಿಲ್ಲ. ಜಾಗ ಬದಲಿಸಿದ್ದು ಮಾತ್ರ ನೆನಪಿದೆ.

ಅವಳ ರಫ್ ಪುಸ್ತಕ ಹಾಸ್ಟೆಲ್ಲಿನಲ್ಲೇ ಉಳಿದಿತ್ತು. ಸ್ನಾನದ ಹಂಡೆಯ ಒಲೆಗೆ ಹಾಕೋಣವೆಂದು ಹೋದೆ. ಹಾಕಲು ಧೈರ್ಯ ಬರಲಿಲ್ಲ, ಯಾರಿಗಾದರೂ ತೋರಿಸಲು ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಿತ್ತು. ಆ ಕಾರ್ಡನ್ನು ಅದರೊಳಗಿಟ್ಟು ನನ್ನ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಸೇರಿಸಿದೆ.

ಇಷ್ಟಾದ ಮೇಲೆ ಪತ್ರ ತಿದ್ದುವುದು ನಿಲ್ಲಿಸಿದಿರಾ ಎಂದು ನೀವು ಕೇಳಬಹುದು. ಇಲ್ಲ. ಕಾಯಿಲೆಯ ವಿಷಯಕ್ಕೆ ಗೀಟು ಎಳೆಯುವುದನ್ನು ಬಿಟ್ಟೆ, ಉಳಿದದ್ದು ಹಾಗೆಯೇ ನಡೆಯಿತು. ಮತ್ತೆ ಕಾಲವೇ ಪತ್ರವನ್ನು ನಿಲ್ಲಿಸಿತು. ಆಫೀಸಿಗೆ ಫೋನು ಬಂತು. ಮನೆಯವರು ಭಾನುವಾರ ಮಾಡುತ್ತಿದ್ದರು, ಮಗು ಮಾತಾಡುವಾಗ ಗುಮಾಸ್ತರೂ ನಾನೂ ಅಲ್ಲೇ ಕೂತಿರುತ್ತಿದ್ದೆವು. ಆಮೇಲೆ ವಾರ್ಡನ್ ಕೈಗೆ ಮೊಬೈಲು ಬಂತು, ಸ್ಪೀಕರ್ ಹಾಕಿಯೇ ಮಾತಾಡಿಸಬೇಕು ಎಂದು ಆಡಳಿತ ಮಂಡಳಿಯ ಹೊಸ ಕಾರ್ಯದರ್ಶಿಗಳು ಸುತ್ತೋಲೆ ಹೊರಡಿಸಿದರು. ಅವರು ದೊಡ್ಡ ಮೇಷ್ಟ್ರ ಹಾಗೆ ಕಾರಣ ವಿವರಿಸುವವರಲ್ಲ. ಶಾಲೆಯ ಹೆಸರು ಹಾಳಾಗಬಾರದು ಎಂದರು, ಮುಗಿಯಿತು. ಹಳ್ಳಿಹಳ್ಳಿಗೆ ಹಳದಿ ಬಸ್ಸು ಹೋಗತೊಡಗಿ ಹಾಸ್ಟೆಲ್ಲಿನ ಅರ್ಧ ಕೋಣೆಗಳಿಗೆ ಬೀಗ ಬಿತ್ತು. ಉಳಿದ ಅರ್ಧದ ಬೀಗದ ಕೈಯನ್ನು ನಾನು ಶ್ವೇತಾ ಎಂಬ ಹುಡುಗಿಗೆ ಒಪ್ಪಿಸಿ ನಿವೃತ್ತಳಾದೆ.

ಈ ವರ್ಷ ಸ್ಮರಣ ಸಂಚಿಕೆಯ ಸಭೆಗೆ ಕರೆದರು ಎಂದು ಹೋದೆ. ಸಭೆ ಮುಗಿದ ಮೇಲೆ ಹಾಸ್ಟೆಲ್ ಕಡೆ ನಡೆದೆ. ಶ್ವೇತಾ ಒಬ್ಬ ಹುಡುಗಿಯನ್ನು ಟ್ಯಾಬ್ ಎದುರು ಕೂರಿಸಿ ಮನೆಗೆ ವಿಡಿಯೊ ಕಾಲ್ ಮಾಡಿಸುತ್ತಿದ್ದಳು. ಹೇಗಿದ್ದೀಯಾ ಮಗಾ ಎಂದು ಆ ಕಡೆಯಿಂದ ತಾಯಿ ಕೇಳಿದಳು. ಹುಡುಗಿ ತಾಯಿಯ ಮುಖ ಬಿಟ್ಟು ಮೊದಲು ಶ್ವೇತಾಳ ಮುಖ ನೋಡಿದಳು, ಆಮೇಲೆ “ಚೆನ್ನಾಗಿದೀನಿ ಅಮ್ಮಾ” ಎಂದಳು.

ಶ್ವೇತಾಳಿಗೆ ಹೇಳಿ ನೋಡಿದೆ, ಮಕ್ಕಳನ್ನು ಒಂಟಿಯಾಗಿ ಮಾತಾಡಲು ಬಿಡು ಎಂದು. ಒಳ್ಳೆಯ ಹುಡುಗಿ, ಮಕ್ಕಳಿಗೆ ಜ್ವರ ಬಂದರೆ ಪಕ್ಕದಲ್ಲೇ ಕೂರುವವಳು. “ಬಿಟ್ರೆ ಒಂದ್ ತಲೆನೋವಿಗೂ ಪೇರೆಂಟ್ಸ್ ಕಾರ್ ಹತ್ಕೊಂಡ್ ಬಂದ್ಬಿಡ್ತಾರೆ ಟೀಚರ್. ಅವ್ರು ಬರೋ ಹೊತ್ತಿಗೆ ಇವ್ರು ಆಟ ಆಡ್ತಿರ್ತಾರೆ,” ಎಂದಳು. ದೊಡ್ಡ ಮೇಷ್ಟ್ರು ಸತ್ತು ಎಷ್ಟೋ ವರ್ಷವಾಗಿದೆ, ಅವಳು ಅವರನ್ನು ಕಂಡೂ ಇಲ್ಲ. ಮಾತು ಮಾತ್ರ ಅವರದ್ದೇ. ಇಷ್ಟು ವರ್ಷದ ನನ್ನ ಅನುಭವದಿಂದ ಒಂದು ಸಾಲಿನ ಉತ್ತರವನ್ನು ತೆಗೆಯಲಾಗಲಿಲ್ಲ ನನಗೆ. ಮನೆಗೆ ಬಂದು ಆ ಎರಡು ಪುಟ ಬರೆದೆ, ಸಮಿತಿಗೆ ಕೊಟ್ಟೆ. ಅದರ ಗತಿ ಏನಾಯಿತೆಂದು ಮೊದಲೇ ಹೇಳಿದ್ದೇನೆ.

ವಾಪಸ್ಸು ಬಂದ ಪುಟಗಳನ್ನು ಮುಂದಿಟ್ಟುಕೊಂಡು ಕೂತಾಗ ತಿಳಿಯಿತು, ಇದು ಸಂಚಿಕೆಗೆ ಹೇಳಬೇಕಾದ ಮಾತೇ ಅಲ್ಲ ಎಂದು. ಹೇಳಬೇಕಾದವರು ನಿಟ್ಟೂರಿನಲ್ಲಿ ಇದ್ದಾರೆ. ಅಲ್ಲಿಯ ಶಾಲೆಯಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕೇಳಿದೆ. ಚೌಡಪ್ಪನವರು ಗಟ್ಟಿಯಾಗಿದ್ದಾರೆ, ಮಗ ಸೊಸೆಯ ಜೊತೆಗಿದ್ದಾರೆ ಎಂದಳು. ಲಲಿತಾ ಹತ್ತನೇ ಕ್ಲಾಸಿಗೆ ಓದು ಬಿಟ್ಟಳಂತೆ, ಕ್ಲಾಸಿನಲ್ಲಿ ಹೇಳಿದ್ದು ಅರ್ಧ ಕೇಳುತ್ತಿರಲಿಲ್ಲ. ಈಗ ಹೊಸನಗರದಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ.

ಹೋದ ವಾರ ಟ್ರಂಕಿನಿಂದ ರಫ್ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟೆ. ಹೊಸನಗರದಲ್ಲಿ ಬಸ್ಸು ಬದಲಿಸಬೇಕು. ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದೆ. ಲಲಿತೆಯ ಅಂಗಡಿಗೆ ನೂರು ಹೆಜ್ಜೆ. ಎದ್ದು ಹೋಗಲಿಲ್ಲ. ಅಪ್ಪನಿಗೆ ಹೇಳಿದರೆ ಸಾಕು, ಅವರೇ ಅವಳಿಗೆ ತಿಳಿಸುತ್ತಾರೆ ಎಂದುಕೊಂಡೆ. ಈ ವಯಸ್ಸಿನಲ್ಲೂ ನಾನು ಸುಲಭದ ಕಡೆಗೇ ಹೋಗುವವಳು.

ಚೌಡಪ್ಪನವರು ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಗುರುತು ಹಿಡಿದ ಕೂಡಲೇ ಎದ್ದು ನಿಂತರು. ಸೊಸೆ ಕಾಫಿ ಕೊಟ್ಟು, ಹಿತ್ತಲಲ್ಲಿ ಕೆಲಸವಿದೆ ಎಂದು ಹೋದಳು. ಕೂತ್ಕೊಳ್ಳಿ ಚೌಡಪ್ಪನವರೇ ಎಂದೆ. ಆ ಬಹುವಚನ ಅವರಿಗೆ ವಿಚಿತ್ರವಾಗಿ ಕೇಳಿಸಿರಬೇಕು, ಕೂರಲೇ ಇಲ್ಲ. ಪುಸ್ತಕ ಅವರ ಕೈಗೆ ಕೊಟ್ಟು, ಲಲಿತಾ ಬರೆದಿದ್ದಳು, ನಾನು ಹೊಡೆದುಹಾಕಿದೆ, ಎರಡು ವಾರವೂ ಹೊಡೆದುಹಾಕಿದೆ, ಈ ಕಾರ್ಡನ್ನು ಹಿಡಿದಿಟ್ಟುಕೊಂಡೆ ಎಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ನಾಲ್ಕು ಸಾಲಿಗೇ ಮುಗಿದುಹೋಯಿತು.

ಅವರು ಕನ್ನಡಕ ತಂದು, ನನ್ನೆದುರು ಕೂತು, ಕಾರ್ಡನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಟಪಾಲು ನಾಲ್ಕು ದಿನದ್ದು ಎಂದಿದ್ದರು ದೊಡ್ಡ ಮೇಷ್ಟ್ರು. ಈ ಕಾರ್ಡು ಮುಟ್ಟುವ ಹೊತ್ತಿಗೆ ನನಗೆ ತಲೆಯೆಲ್ಲ ಬೆಳ್ಳಗಾಗಿತ್ತು. ಅದರಲ್ಲಿ ಬರೆದದ್ದು ಮಾತ್ರ ಈ ದಿನಕ್ಕೂ ನಿಜ, ಎಡಗಡೆ ಕೇಳುವುದಿಲ್ಲ.

ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಅವ್ಳು ಅವತ್ತೇ ಹೇಳಿದ್ಲು ಅಮ್ಮಾ,” ಎಂದರು. “ಬಸ್ಸಲ್ಲೇ ಹೇಳಿದ್ಲು. ನಾನ್ ಬರ್ದಿದ್ದೆ ಅಪ್ಪಾ, ಟೀಚರ್ ಹೊಡ್ದಾಕಿದ್ರು ಅಂತ. ಮಾಡಿದ್ ತಪ್ಪನ್ನ ಟೀಚರಮ್ಮನ ಮೇಲೆ ಹಾಕ್ತೀಯಾ ಅಂತ ಹೊಡ್ದೆ. ಬಸ್ಸಲ್ಲಿ, ಎಲ್ರೆದ್ರು. ತಲೆಗೆ ಕಟ್ಟಿದ್ ಬಟ್ಟೆನೂ ಬಿಚ್ಚಿರ್ಲಿಲ್ಲ.”

ನಾನು ಹೊತ್ತದ್ದು ಒಂದು ಕಿವಿಯ ಪಾಪ ಎಂದು ಇಷ್ಟು ವರ್ಷ ತಿಳಿದಿದ್ದೆ. ಆ ಕೋಣೆಯಲ್ಲಿ ನಾನು ಸುಮ್ಮನೆ ನಿಂತಿದ್ದರಿಂದ ಆ ಮಗು ಅಪ್ಪನನ್ನೂ ಕಳೆದುಕೊಂಡಿತ್ತು. ಆಮೇಲೆ ಅವಳು ಯಾವತ್ತೂ ಆ ವಿಷಯ ಎತ್ತಲಿಲ್ಲವಂತೆ. ಹಬ್ಬಕ್ಕೆ ಬರುತ್ತಾಳೆ, ಬಟ್ಟೆ ಹೊಲಿದು ತಂದು ಕೊಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ತಾನಾಗಿ ಒಂದು ಕಷ್ಟ ಹೇಳಿಕೊಂಡವಳಲ್ಲ. ಗಂಡ ಆಸ್ಪತ್ರೆಯಲ್ಲಿದ್ದ ಸುದ್ದಿಯೂ ಇವರಿಗೆ ತಿಳಿದದ್ದು ಬೇರೆಯವರ ಬಾಯಿಂದ. ಇದನ್ನೆಲ್ಲ ಅವರು ನನ್ನ ಮುಖ ನೋಡದೆ, ಕಾರ್ಡನ್ನು ನೋಡುತ್ತ ಹೇಳಿದರು.

ಆಮೇಲೆ ಜೇಬಿನಿಂದ ಮೊಬೈಲು ತೆಗೆದು ಮಗಳ ನಂಬರು ಒತ್ತಿದರು. “ನೀವೇ ಹೇಳಿ ಅಮ್ಮಾ. ನಂಗಾಗಲ್ಲ,” ಎಂದು ಸ್ಪೀಕರ್ ಹಾಕಿ, ನಮ್ಮಿಬ್ಬರ ನಡುವೆ ಜಗಲಿಯ ಮೇಲಿಟ್ಟರು. ಅದೆಷ್ಟು ಮಕ್ಕಳ ಎದುರು ನಾನು ಹಾಗೆ ಫೋನಿಟ್ಟು ಪಕ್ಕದಲ್ಲಿ ಕೂತಿದ್ದೆ. ಈಗ ನಾನು ಮಾತಾಡಬೇಕು, ಅವರು ಕೂತು ಕೇಳಬೇಕು.

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ನಾನು ಯಾರೆಂದು ಹೇಳಿದೆ. ಸದ್ದು ನಿಂತಿತು. ಮೊದಲು ಏನು ಕೇಳಬೇಕೋ ತಿಳಿಯದೆ, ಹೇಗಿದ್ದೀಯಮ್ಮ ಎಂದೆ.

“ಚೆನ್ನಾಗಿದೀನಿ ಟೀಚರ್.”

ತಡವರಿಸಲಿಲ್ಲ, ಯೋಚಿಸಲಿಲ್ಲ. ಕಲಿಸಿದ್ದು ಮರೆತಿರಲಿಲ್ಲ ಅವಳು. ನಾನು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. ನೀನು ಬರೆದಿದ್ದೆ, ಗೀಟು ಎಳೆದದ್ದು ನಾನು, ಕಾರ್ಡು ಹಿಡಿದದ್ದು ನಾನು, ನಿನ್ನಪ್ಪ ಕೇಳಿದಾಗ ಸುಮ್ಮನಿದ್ದದ್ದೂ ನಾನು ಎಂದೆ. ಫೋನು ಕಟ್ಟಾಯಿತೇನೋ ಎಂದು ಚೌಡಪ್ಪನವರು ಬಗ್ಗಿ ನೋಡಿದರು.

“ಎಲ್ಲಿಂದ ಮಾತಾಡ್ತಿದೀರಿ ಟೀಚರ್? ಅಪ್ಪನ ನಂಬರಿಂದ ಬಂದಿದೆ.”

“ನಿಮ್ಮನೇಲೇ ಇದೀನಮ್ಮ.”

“ಅಪ್ಪ ಅಲ್ಲೇ ಇದಾರಾ?”

“ಇದಾರೆ. ಎದುರಿಗೇ ಕೂತಿದಾರೆ.”

“ಹಂಗಾದ್ರೆ ಇನ್ನೊಂದ್ ಸಲ ಹೇಳಿ,” ಎಂದಳು. “ಅಪ್ಪಂಗೆ ಕೇಳೋ ಹಂಗೆ.”

ಇನ್ನೊಮ್ಮೆ ಹೇಳಿದೆ. ಮೊದಲ ಭಾನುವಾರದಿಂದ ಶುರು ಮಾಡಿ, ವಾರ ವಾರವೂ ಅವಳು ಏನು ಬರೆದಿದ್ದಳು, ನಾನು ಏನು ಬರೆಸಿದೆ ಎಂದು ರಫ್ ಪುಸ್ತಕದ ಪುಟ ತಿರುಗಿಸಿ ಓದಿ ಹೇಳಿದೆ. ಯಾವ ಸಾಲನ್ನೂ ಬಿಡಲಿಲ್ಲ. ಚೌಡಪ್ಪನವರು ಕೇಳುತ್ತ ಕೂತಿದ್ದರು. ಮುಗಿದ ಮೇಲೆ ಲಲಿತಾ ಆಯ್ತು ಎಂದಳು, ಫೋನ್ ಇಟ್ಟಳು. ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ.